ಪೊಟ್ಟಣದ ಮೇಲಿನ ರುಚಿ

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರವಿದೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿದೆ, ಅಲ್ಲಲ್ಲಿ ಕಿತ್ತಳೆ, ಹಲಸು. ಬ್ಲೂಬೆರಿ ಗಿಡ ಮಾತ್ರ ಕಾಣುವುದಿಲ್ಲ. ಆದರೂ ಅದೇ ತೋಟದ ಬೀಜ ಬೆಂಗಳೂರಿನ ಇಂದಿರಾನಗರ ತಲುಪಿ ಕಂದು ಕಾಗದದ ಪೊಟ್ಟಣ ಸೇರುವ ಹೊತ್ತಿಗೆ ಬ್ಲೂಬೆರಿ, ಮೇಪಲ್ ಸಿರಪ್, ಡಾರ್ಕ್ ಚಾಕೊಲೇಟ್ ಎಲ್ಲ ಅದರೊಳಗೆ ಹೊಕ್ಕು ಕೂತಿರುತ್ತವೆ. ಹಾಸನದ ಹತ್ತಿರ ಎಲ್ಲಿ ಲಾರಿ ಹತ್ತಿಕೊಂಡವೋ ದೇವರೇ ಬಲ್ಲ.

ಇದಕ್ಕೆ ಟೇಸ್ಟಿಂಗ್ ನೋಟ್ಸ್ ಎಂದು ಹೆಸರು. ಗಿರಾಕಿ ಮೊದಲು ಓದಬೇಕು, ಆಮೇಲೆ ಕುಡಿಯಬೇಕು. ಓದದೆ ಕುಡಿದರೆ ಕಾಫಿಯ ರುಚಿ ಬಂದುಬಿಡುವ ಅಪಾಯವಿದೆ.

ತಮಾಷೆಯೆಂದರೆ, ಈ ಭಾಷೆಯನ್ನು ಹುಟ್ಟುಹಾಕಿದವರು ಒಣಜಂಬದವರಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆನ್ ನೋಬಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ವೈನಿನ ಪರಿಮಳಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿದಾಗ ‘ಎಲಿಗೆಂಟ್’ನಂಥ ಗಾಳಿಮಾತನ್ನೇ ಹೊರಗಿಟ್ಟರು. ಒದ್ದೆ ನಾಯಿಯ ವಾಸನೆಯಿದ್ದರೆ ಒದ್ದೆ ನಾಯಿ ಎನ್ನಿ ಎಂದರು. ಆ ಚಕ್ರದಲ್ಲಿ ಒದ್ದೆ ನಾಯಿಗೆ ನಿಜವಾಗಿಯೂ ಜಾಗವಿದೆ. ಕಾಫಿಗೆ ಅಂಥದೇ ಚಕ್ರ 1995ರಲ್ಲಿ ಬಂತು, 2016ರಲ್ಲಿ ಪರಿಷ್ಕಾರಗೊಂಡಿತು. ಅದಕ್ಕೆ ಆಧಾರವಾದ ರುಚಿಕೋಶವನ್ನು ಸಿದ್ಧಪಡಿಸುವಾಗ ಅಮೆರಿಕದ ಕಾನ್ಸಾಸ್‌ನಲ್ಲಿ ಕೂತ ತಜ್ಞರು ಹೆಚ್ಚಿನ ರುಚಿಗಳಿಗೆಲ್ಲ ಅಂಗಡಿಯ ಸಾಮಾನೊಂದನ್ನು ಅಳತೆಗೋಲು ಮಾಡಿದರು. ಬ್ಲೂಬೆರಿ ಎಂದರೆ ಡಬ್ಬಿಯಲ್ಲಿ ಸಿಗುವ ಬ್ಲೂಬೆರಿ. ರಬ್ಬರ್ ಎಂದರೆ ರಬ್ಬರ್ ಬ್ಯಾಂಡ್.

ಹೌದು, ರಬ್ಬರ್. ಚಕ್ರದಲ್ಲಿ ಹಲಸಿಲ್ಲ, ಮಾವಿಲ್ಲ. ಆದರೆ ರಬ್ಬರಿದೆ, ರಟ್ಟಿದೆ, ಪೆಟ್ರೋಲಿಯಂ ಇದೆ, ಬೂಷ್ಟಿದೆ. ಕೆಟ್ಟ ಕಾಫಿಯನ್ನು ಕೆಟ್ಟದ್ದೆಂದು ಬೆರಳಿಟ್ಟು ತೋರಿಸಲೂ ಅದು ಬೇಕಾಗಿತ್ತು. ಆ ಭಾಗ ಪೊಟ್ಟಣದವರೆಗೆ ಬರಲೇ ಇಲ್ಲ. ‘ಹಿತವಾದ ರಬ್ಬರ್ ಬ್ಯಾಂಡಿನ ಛಾಯೆ, ಕೊನೆಯಲ್ಲಿ ನೆನೆದ ರಟ್ಟು’ ಎಂದು ಅಚ್ಚು ಹಾಕಿಸಿದ ಪುಣ್ಯಾತ್ಮ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಬದಲಿಗೆ ಕೆಟ್ಟದ್ದಕ್ಕೇ ನಾಮಕರಣವಾಯಿತು. ಪಲ್ಪಿಂಗ್ ಆದ ಬೀಜ ತೊಟ್ಟಿಯಲ್ಲಿ ಹದ ಮೀರಿ ಹುಳಿತರೆ ತೋಟದ ಲೆಕ್ಕ ನೋಡುವ ರೈಟರು ಮೇಸ್ತ್ರಿಗೆ ಬೈಯುತ್ತಿದ್ದರು, ಸಾಹುಕಾರರು ರೈಟರಿಗೆ ಬೈಯುತ್ತಿದ್ದರು, ಹರಾಜಿನಲ್ಲಿ ಆ ಬೀಜವನ್ನು ಕೇಳುವವರಿರಲಿಲ್ಲ. ಈಗ ಗಾಳಿಯಾಡದ ಡ್ರಮ್ಮಿನಲ್ಲಿ ಬೇಕೆಂದೇ ಹುಳಿಯಿಸಿ, ಅನೇರೋಬಿಕ್ ಎಂದು ಚೀಟಿ ಅಂಟಿಸಿ, ರುಚಿ ‘ಫಂಕಿ’ ಎನ್ನುತ್ತಾರೆ. ಬೈಸಿಕೊಂಡ ಮೇಸ್ತ್ರಿ ಕಾಲಕ್ಕಿಂತ ಮುಂದಿದ್ದ ಅಷ್ಟೆ.

ಮುಗ್ಗಲಿನ ಕಥೆ ಇನ್ನೂ ಹಳೆಯದು. ಹಾಯಿಹಡಗಿನ ಕಾಲದಲ್ಲಿ ಇಲ್ಲಿನ ಕಾಫಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು, ಊದಿ, ಬಿಳಿಚಿಕೊಂಡು ಯುರೋಪ್ ಮುಟ್ಟುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಬೀಜ ಕೆಡದೆ ತಲುಪತೊಡಗಿತು. ಆಗ ಅಲ್ಲಿಯವರಿಗೆ ಆ ಹಳೆಯ ರುಚಿಯೇ ಬೇಕೆನಿಸಿತಂತೆ. ನಮ್ಮವರು ಮಂಗಳೂರಿನ ಗೋದಾಮುಗಳಲ್ಲಿ ಬೀಜ ಹರವಿ ಮುಂಗಾರಿನ ಗಾಳಿಗೆ ಒಡ್ಡಿದರು. ಮಾನ್ಸೂನ್ಡ್ ಮಲಬಾರ್ ಹುಟ್ಟಿತು, ವಿವರಣೆಯಲ್ಲಿ ‘ಅರ್ದಿ’, ಅಂದರೆ ಮಣ್ಣಿನ ಘಮ, ಎಂಬ ಮಾತು ಸೇರಿತು. ಮಲೆನಾಡಿನ ಅಜ್ಜಿಯರು ಆಷಾಢದಲ್ಲಿ ಮುಗ್ಗಿತೆಂದು ತಿಪ್ಪೆಗೆ ಸುರಿದದ್ದರಲ್ಲಿ ಎಷ್ಟು ವಿದೇಶಿ ವಿನಿಮಯವಿತ್ತೋ!

ಮಾತಿನ ಬೆಲೆಯನ್ನು ಲೆಕ್ಕ ಹಾಕಿದವರೂ ಇದ್ದಾರೆ. ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಮತ್ತು ಜೊತೆಗಾರರು ಅಮೆರಿಕದ 6,500 ಮೆನುಗಳನ್ನು ಜಾಲಾಡಿದ್ದರು. ತಿಂಡಿಯನ್ನು ಬಣ್ಣಿಸುವ ಪದಗಳ ಸರಾಸರಿ ಉದ್ದ ಒಂದಕ್ಷರ ಹೆಚ್ಚಿದರೆ ಬೆಲೆ 18 ಸೆಂಟ್ ಹೆಚ್ಚಿರುತ್ತದೆಂದು ಲೆಕ್ಕ ಕೊಟ್ಟರು. ದರ್ಶಿನಿಗಳು ಯಾಕೆ ಉದ್ಧಾರವಾಗಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಇಡ್ಲಿ, ವಡೆ, ದೋಸೆ, ಪೂರಿ, ಕಾಫಿ: ಬೋರ್ಡಿನಲ್ಲಿರುವುದೆಲ್ಲ ಎರಡಕ್ಷರ. ಉಪ್ಪಿಟ್ಟಿನ ಮೂರಕ್ಷರಕ್ಕೆ ಮರ್ಯಾದೆ ಸಿಗದೆ, ಅದೇ ರವೆ ವಾಂಗಿಭಾತ್ ಪುಡಿ ಬಳಿದುಕೊಂಡು ಖಾರಾಬಾತ್ ಎಂಬ ನಾಲ್ಕಕ್ಷರವಾದದ್ದು ಕನ್ನಡಿಗರು ಈ ದಿಕ್ಕಿನಲ್ಲಿ ಮಾಡಿದ ಏಕೈಕ ಸಂಶೋಧನೆ. ಅತ್ತ ತೋಟದಲ್ಲಿ ಹಣ್ಣು ಕೊಯ್ದವಳಿಗೆ ಇಂದಿಗೂ ಕೆಜಿ ಲೆಕ್ಕ. ಅವಳ ಚೀಲದಲ್ಲಿ ಎಷ್ಟು ವಿಶೇಷಣಗಳಿವೆಯೆಂದು ಯಾರೂ ತೂಗುವುದಿಲ್ಲ.

ಕಣ್ಣಿಗೆ ಬಿದ್ದದ್ದು ನಾಲಿಗೆಯನ್ನು ಆಳುತ್ತದೋ ಎಂಬ ಅನುಮಾನವಿದ್ದವರು ಫ್ರಾನ್ಸಿನ ಬೋರ್ಡೊಗೆ ಹೋಗಬೇಕು. 2001ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ವೈನ್ ವಿದ್ಯೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳ ಮುಂದಿಟ್ಟರು. ಅವರು ಬರೆದದ್ದು ಕೆಂಪು ವೈನಿಗೆ ಬಳಸುವ ಮಾತುಗಳನ್ನೇ. ಕಲಿತ ಮೂಗೇ ಕಣ್ಣನ್ನು ನೋಡಿಕೊಂಡು ಕಾಪಿ ಹೊಡೆದ ಮೇಲೆ, ಪೊಟ್ಟಣ ಓದಿಕೊಂಡು ಕುಡಿಯುವ ನಮ್ಮ ಬಡಪಾಯಿ ನಾಲಿಗೆಯ ಪಾಡೇನು?

ಹಾಗಂತ ನಮ್ಮಲ್ಲಿ ರುಚಿತಜ್ಞರಿಲ್ಲವೆ? ಬೆಳಿಗ್ಗೆ ಏಳಕ್ಕೆ ಯಾವ ದರ್ಶಿನಿಯ ಕಟ್ಟೆಗಾದರೂ ಹೋಗಿ ನಿಲ್ಲಿ. ‘ಚಿಕೋರಿ ಜಾಸ್ತಿ ಮಾಡಿದಾನೆ.’ ‘ಇದು ಎರಡನೇ ಡಿಕಾಕ್ಷನ್ನು ಕಣ್ರೀ.’ ‘ಹಾಲು ತಳ ಹಿಡಿದಿದೆ.’ ಚಕ್ರದಿಂದ ಪೊಟ್ಟಣಕ್ಕೆ ಬರದೆ ಉಳಿದ ಅಷ್ಟೂ ಭಾಗವನ್ನು ಇವರು ಲುಂಗಿ, ಮಂಕಿ ಟೋಪಿಯಲ್ಲೇ ನಿರ್ವಹಿಸುತ್ತಿದ್ದಾರೆ. ತಕರಾರು ಗಟ್ಟಿಯಾದರೆ ಕೌಂಟರಿನವನು ಗೊಣಗುತ್ತಾ ಲೋಟ ಬದಲಿಸಿ ಕೊಡುತ್ತಾನೆ.

ಇಂದಿರಾನಗರದಲ್ಲಿ ಇದು ನಡೆಯುವುದಿಲ್ಲ. ‘ಹುಳಿಯಾಗಿದೆಯಲ್ಲಪ್ಪಾ’ ಎಂದರೆ ಏಪ್ರನ್ ತೊಟ್ಟ ಹುಡುಗ ಅನುಕಂಪದಿಂದ ನೋಡಿ, ‘ಅದು ಆಸಿಡಿಟಿ ಸರ್, ತುಂಬಾ ಬ್ರೈಟ್ ಆಗಿದೆ’ ಎನ್ನುತ್ತಾನೆ. ‘ಸೀದ ವಾಸನೆ’ ಎಂದರೆ ‘ಸ್ಮೋಕಿ’. ‘ನೀರು ನೀರು’ ಎಂದರೆ ‘ಟೀ ಲೈಕ್ ಬಾಡಿ’. ನಾವು ಹೇಳಬಹುದಾದ ಪ್ರತಿ ದೂರಿಗೂ ಅವನ ಬಳಿ ಪ್ರಶಸ್ತಿಯೊಂದು ಸಿದ್ಧವಿದೆ. ಬಿಲ್ಲು ಬಂದಾಗ ಮಾತ್ರ ಛಾಯೆ ಗೀಯೆ ಏನೂ ಇರುವುದಿಲ್ಲ. ಅಂಕಿ ಸ್ಪಷ್ಟ, ಕೆಳಗೆ ಜಿಎಸ್‌ಟಿ ಇನ್ನೂ ಸ್ಪಷ್ಟ.