ಕೈವಾರ ಹಿಡಿದ ಬೆಳೆಗಾರರು

ಮಕ್ಕಳಿಗೆ ಮಂಡಲ ಚಿತ್ರ ಹೇಳಿಕೊಡುವುದು ಸುಲಭ. ಬಣ್ಣದ ಡಬ್ಬಿ ಮುಂದಿಟ್ಟರೆ ಸಾಕು, ಗೆರೆ ದಾಟಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡವರದು ಹಾಗಲ್ಲ. ಮೂಡಿಗೆರೆಯ ನನ್ನ ಶಿಬಿರಕ್ಕೆ ಬಂದವರು ಮೊದಲು ಕೇಳುವುದೇ, “ಎಷ್ಟೊತ್ತಿಗೆ ಬಿಡ್ತೀರಿ ಮೇಡಂ? ತೋಟದಲ್ಲಿ ಆಳು ಬಂದಿದ್ದಾರೆ.”

ಹಾಳೆಯ ನಡುವೆ ಚುಕ್ಕಿಯಿಟ್ಟು, ಕೈವಾರದಿಂದ ಒಂದರ ಸುತ್ತ ಒಂದು ವೃತ್ತ ಎಳೆದು, “ಈಗ 45 ಡಿಗ್ರಿಯಂತೆ ಎಂಟು ಪಾಲು ಮಾಡಿ” ಎಂದೆ. ಪಾಲು ಎಂದದ್ದೇ ತಡ, ಅಕ್ಕಪಕ್ಕ ಕೂತಿದ್ದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬ ಬೆಳೆಗಾರರು ದಳದಿಂದ ದಳಕ್ಕೆ ಸ್ಕೇಲ್ ಹಿಡಿದು, “ಅರೇಬಿಕಾಕ್ಕೆ ಆರಡಿ ಬೇಕೇ ಬೇಕು, ಇದಕ್ಕೆಷ್ಟು?” ಎಂದರು. ಕಳಸದ ಅಜ್ಜಿಯೊಬ್ಬರು ಮಾತ್ರ ಕೈವಾರ ಮುಟ್ಟಲೇ ಇಲ್ಲ. ದಿನಾ ಅಂಗಳದಲ್ಲಿ ರಂಗೋಲಿ ಬಿಟ್ಟ ಕೈ. ಕಣ್ಣಳತೆಯಲ್ಲೇ ಎಂಟು ದಳ ಎಳೆದು, ಉಳಿದವರ ಹಾಳೆ ತಿದ್ದಲು ಹೊರಟರು. ಆಮೇಲೆ ಮೇಷ್ಟ್ರು ಯಾರೆಂಬುದೇ ಗೊಂದಲ!

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1916ರಲ್ಲಿ ತಮ್ಮ ಮೊದಲ ಮಂಡಲ ಬರೆದರು. ಘಟ್ಟದ ಕೆಳಗೆ ನಾಗಮಂಡಲದಲ್ಲಿ ಐದು ಬಣ್ಣದ ಪುಡಿಯಿಂದ ನಾಗನ ಹೆಣಿಗೆ ಬರೆಯುತ್ತಾರೆ, ಸೇವೆ ಮುಗಿದ ಮೇಲೆ ಅಳಿಸುತ್ತಾರೆ. ಬೈಲಕುಪ್ಪೆಯ ಟಿಬೆಟನ್ ಭಿಕ್ಷುಗಳ ಮರಳಿನ ಮಂಡಲಕ್ಕೂ ಅದೇ ಗತಿ. ಇದನ್ನೆಲ್ಲ ವಿವರಿಸಿ, ಯಾವುದೂ ಶಾಶ್ವತವಲ್ಲ ಎಂದೆ. “ಹಂಗಾದ್ರೆ ಫೀಸು ವಾಪಸ್ಸಾ?” ಎಂದಿತು ಹಿಂದಿನ ಸಾಲು.

ಕೊನೆಗೆ, “ಮನಸ್ಸಿಗೆ ನೆಮ್ಮದಿ ಸಿಕ್ಕಿತಾ?” ಎಂದು ಕೇಳಿದೆ.

“ಸಿಗ್ತಾ ಇತ್ತು ಮೇಡಂ. ಅಷ್ಟರಲ್ಲಿ ತೋಟಕ್ಕೆ ಆನೆ ಬಂದಿದೆ ಅಂತ ಫೋನ್ ಬಂತು.”