ತಿಪ್ಪೆ ಬ್ರಾಂಚಿನ ಮ್ಯಾನೇಜರ್

ಅರಸೀಕೆರೆಯಿಂದ ಹಳೇಬೀಡು, ಬೇಲೂರಿನ ಕಡೆ ಹೊರಟಾಗ ದಾರಿಯಲ್ಲಿ ಎರಡೆಕರೆ ತೆಂಗಿನ ತೋಟ, ಅದಕ್ಕೆ ಹೊಸ ಗೇಟು, ಗೇಟಿಗೆ ‘ವಿಷಮುಕ್ತ ತೋಟ’ ಎಂಬ ಬೋರ್ಡು ಕಂಡರೆ ಒಳಗೊಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಇದ್ದಾರೆಂದೇ ತಿಳಿಯಬೇಕು. ಬೆಂಗಳೂರಿನಲ್ಲಿ ಆಯುಷ್ಯವೆಲ್ಲ ಸಾಲ ಕೊಟ್ಟು, ವಸೂಲಿಗೆ ಅಲೆದು, ಕೊನೆಗೆ ಅಪ್ಪನ ತೋಟಕ್ಕೆ ಬಂದು ಬಿದ್ದವರು. ತಲೆಗೆ ಹ್ಯಾಟು, ಕಾಲಿಗೆ ಗಮ್ ಬೂಟು, ಬಾಯಲ್ಲಿ ಸದಾ ಕೋಳಿ. ತಪ್ಪು ತಿಳಿಯಬೇಡಿ, ಸಾಹೇಬರದು ಮೊಟ್ಟೆಯನ್ನೂ ಮುಟ್ಟದ ಮನೆತನ. ಬಾಯಲ್ಲಿರುವುದು ಕೋಳಿಯ ಮಾತು ಮಾತ್ರ.

“ಸಾಕಿರೋದು ತಿನ್ನೋಕಲ್ಲ ಕಣ್ರೀ, ಡ್ಯೂಟಿಗೆ” ಎನ್ನುತ್ತಾರೆ. ಹುಳಕ್ಕೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ ಇಪ್ಪತ್ತು ನಾಟಿ, ನಾಲ್ಕು ಗಿರಿರಾಜ ತಂದು ಬಿಟ್ಟಿದ್ದಾರೆ. ಗಿರಿರಾಜ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿಪಡಿಸಿದ ತಳಿ; ಆದ್ದರಿಂದ ಅವು ಆಫೀಸರ್ ಗ್ರೇಡು, ನಾಟಿಯವು ಕ್ಲರಿಕಲ್. ಆಫೀಸರುಗಳು ಮೈಭಾರಕ್ಕೆ ನೆರಳು ಹುಡುಕಿ ಕೂರುತ್ತಾರೆ, ದುಡಿಯುವುದೆಲ್ಲ ಕ್ಲರಿಕಲ್ಲೇ. ಅದರಲ್ಲಿ ಹೊಸದೇನೂ ಸಾಹೇಬರಿಗೆ ಕಂಡಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಎಂಬ ಗಾದೆ ಈ ಮನೆಗೆ ಹೊಂದುವುದಿಲ್ಲ. ಇಲ್ಲಿ ಆ ಮಸಾಲೆಯನ್ನೇ ಅರೆಯುವುದಿಲ್ಲ. ಮಿಕ್ಕಿದ್ದೆಲ್ಲ ಕೋಳಿಯನ್ನು ಕೇಳಿಯೇ ನಡೆಯುತ್ತದೆ.

ಹೋದವರನ್ನು ಮೊದಲು ಕರೆದೊಯ್ಯುವುದು ತಿಪ್ಪೆಗೆ. ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿ ಹುಟ್ಟಿ ಬೆಳೆಯುವುದು ಅಲ್ಲೇ. ಅದರ ಮರಿಹುಳು ಕೊಳೆತ ಗೊಬ್ಬರ ತಿನ್ನುತ್ತಾ ತಿಂಗಳುಗಟ್ಟಲೆ ಒಳಗೇ ಇದ್ದು, ಹೆಬ್ಬೆರಳು ಗಾತ್ರವಾಗಿ, ರೆಕ್ಕೆ ಬಂದಮೇಲೆ ಮರ ಸೇರುತ್ತದೆ. ಅದು ಕೊರೆದ ಸುಳಿ ಬಿಚ್ಚಿಕೊಂಡಾಗ ಗರಿಯನ್ನು ಯಾರೋ ಕತ್ತರಿ ಹಿಡಿದು ಕತ್ತರಿಸಿದಂತಿರುತ್ತದೆ. ಮರ ಸೇರುವ ಮೊದಲೇ ಅದನ್ನು ಮುಗಿಸುವುದು ಹೇಂಟೆಯ ಕೆಲಸ. ಎರಡು ಸಲ ಕೆದಕುತ್ತದೆ, ಒಂದು ಹೆಜ್ಜೆ ಹಿಂದೆ ಸರಿದು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ. ಸುರುಳಿ ಸುತ್ತಿದ ಬಿಳೀ ಹುಳ ಕೊಕ್ಕಿಗೆ ಸಿಕ್ಕಿತೋ, ನೆಲಕ್ಕೆ ಎರಡೇಟು. ಅಷ್ಟರಲ್ಲಿ ಉಳಿದವು ಬೆನ್ನಟ್ಟುತ್ತವೆ, ಹುಳ ಕಚ್ಚಿಕೊಂಡೇ ತೋಟವೆಲ್ಲ ಓಟ. “ನೋಡಿದ್ರಾ, ಸ್ಪಾಟ್ ಸೆಟ್ಲ್‌ಮೆಂಟ್!” ಎಂದು ಸಾಹೇಬರು ಹಿಗ್ಗುತ್ತಾರೆ.

ಇಲ್ಲಿಯವರೆಗೆ ಅವರ ಮಾತು ನೂರಕ್ಕೆ ನೂರು ನಿಜ. ಮೊದಲ ಮಳೆಗೆ ಉತ್ತರೆ ಕೋಳಿಗಳು ನೇಗಿಲ ಹಿಂದೆಯೇ ಹೋಗಿ ಗೊಣ್ಣೆಹುಳ ಹೆಕ್ಕುತ್ತವೆ. ಹಸುವಿನ ಮೈಮೇಲಿನ ಉಣ್ಣೆಯನ್ನೂ ಕಿತ್ತು ತಿನ್ನುತ್ತವೆ. ತೊಂದರೆ ಶುರುವಾಗುವುದು ಸಾಹೇಬರು ತಲೆ ಎತ್ತಿದಾಗ. ಕಪ್ಪು ತಲೆ ಹುಳು ಇರುವುದು ಮೇಲೆ, ಗರಿಯ ಅಡಿಭಾಗದಲ್ಲಿ, ತನ್ನದೇ ಹಿಕ್ಕೆ, ನೂಲಿನ ಗೂಡಿನೊಳಗೆ. ಅದಕ್ಕೆ ತೋಟಗಾರಿಕೆ ಇಲಾಖೆಯವರು ಗೋನಿಯೋಜಸ್ ಎಂಬ ಸಣ್ಣ ಪರೋಪಜೀವಿ ಕೊಡುತ್ತಾರೆ. ಇನ್ನು ನುಸಿ ಕಾಯಿಯ ತೊಟ್ಟಿನಡಿ ಅಡಗಿರುತ್ತದೆ, ಬರಿಗಣ್ಣಿಗೇ ಕಾಣದು.

“ಅದೂ ಹುಳ ಅಲ್ವಾ ಸಾಹೇಬ್ರೇ, ನಿಮ್ ಕೋಳಿ ಯಾಕೆ ಮರ ಹತ್ತಲ್ಲ?” ಎಂದು ಪಕ್ಕದ ತೋಟದ ಗೌಡರು ಕೆಣಕಿದರೆ, “ಗರಿ ಬೀಳ್ಲಿ ಗೌಡ್ರೇ, ಆಮೇಲೆ ನೋಡ್ಕೊಳ್ತವೆ” ಎಂಬ ಉತ್ತರ ಸಿದ್ಧವಿರುತ್ತದೆ. ಬೇಲೂರಿನ ಬೀಗರು ಕಾಫಿಗೆ ಬಿಳಿ ಕಾಂಡಕೊರಕ ಬಿದ್ದಿದೆ ಎಂದು ಫೋನಿನಲ್ಲಿ ಗೋಳಾಡಿದಾಗ, “ಎರಡು ಹೇಂಟೆ ಡೆಪ್ಯುಟೇಷನ್ ಮೇಲೆ ಕಳಿಸ್ಲಾ?” ಎಂದರಂತೆ. ಆ ಹುಳ ಕಾಂಡದೊಳಗೆ ಸುರಂಗ ಕೊರೆದು ಕೂತಿರುತ್ತದೆ. ಮರಕುಟಿಗ ಇದ್ದರೆ ಕಳಿಸಿ ಎಂದು ಬೀಗರು ಫೋನ್ ಇಟ್ಟರು.

ನೆಂಟರನ್ನು ಹಳೇಬೀಡು ತೋರಿಸಲು ಕರೆದೊಯ್ದರೂ ಇದೇ ರಾಗ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಆನೆ, ಸಿಂಹ, ಕುದುರೆ, ಮಕರ, ಹಂಸಗಳ ಸಾಲುಗಳಿವೆಯಲ್ಲ, ಸಾಹೇಬರು ಹಂಸದ ಮುಂದೆ ನಿಲ್ಲುತ್ತಾರೆ. “ಇಷ್ಟೊಂದು ಹಂಸ ಕೆತ್ತಿದಾರಲ್ಲ, ಒಂದು ಗೊಣ್ಣೆಹುಳ ಹೆಕ್ಕೋಕೆ ಬರುತ್ತಾ ಅದಕ್ಕೆ? 12ನೇ ಶತಮಾನದೋರಿಗೂ ಫೀಲ್ಡ್ ಸ್ಟಾಫ್ ಕಂಡ್ರೆ ಅಸಡ್ಡೆ!”

ಮನೆಯೊಡತಿಯ ಲೆಕ್ಕ ಬೇರೆ. ಹುಳ ಯಾವುದು, ಸೊಪ್ಪು ಯಾವುದು ಎಂಬ ಭೇದ ಕೋಳಿಗಿಲ್ಲ. ಗೊಬ್ಬರ ಮಾಡಿಕೊಡುವ ಎರೆಹುಳವನ್ನೂ ಅದು ಬಿಡದು. “ರೀ, ನಿಮ್ ಸ್ಟಾಫು ನನ್ ಕೊತ್ತಂಬ್ರಿ ಮಡೀನ ಆಡಿಟ್ ಮಾಡಿ ಹೋಗಿದೆ, ಬಂದು ನೋಡಿ” ಎಂಬ ದೂರು ವಾರಕ್ಕೊಮ್ಮೆಯಾದರೂ ಬರುತ್ತದೆ. ಸಾಹೇಬರು ಅದನ್ನು ಪರಿಶೀಲನೆಯಲ್ಲಿ ಇಡುತ್ತಾರೆ.

ಯುಗಾದಿ ಹತ್ತಿರವಾದಂತೆ ಊರಿಗೆಲ್ಲ ಸಾಹೇಬರ ಮೇಲೆ ವಿಶ್ವಾಸ ಹೆಚ್ಚುತ್ತದೆ. ಮಾರನೆಯ ದಿನ ಹೊಸತೊಡಕು ನೋಡಿ. ಬಂದವರೆಲ್ಲ ಕ್ಷೇಮ ವಿಚಾರಿಸುತ್ತಾ ಹುಂಜದ ತೂಕವನ್ನು ಕಣ್ಣಲ್ಲೇ ಅಳೆಯುತ್ತಾರೆ. “ಸರ್ವೀಸಲ್ಲಿರೋರನ್ನ ಕೊಡೋಕಾಗುತ್ತೇನ್ರೀ?” ಎಂದು ಸಾಹೇಬರು ಗೇಟು ಹಾಕಿಸುತ್ತಾರೆ. ಆದರೂ ಸಂಜೆ ಗೂಡಿನ ಮುಂದೆ ಎಣಿಸಿದರೆ ಮೂರು ಕಮ್ಮಿ.

“ಮುಂಗ್ಸಿ ಸಾ, ಏನ್ ಮಾಡಾಕಾಯ್ತದೆ” ಎನ್ನುತ್ತಾನೆ ತೋಟದ ಆಳು.

ಸಾಹೇಬರು ಲೆಡ್ಜರಿನಲ್ಲಿ ‘ಮುಂಗುಸಿ: 3’ ಎಂದು ಷರಾ ಬರೆದು, ಹೋದ ವರ್ಷದ ಪುಟ ತಿರುವುತ್ತಾರೆ. ಅಲ್ಲೂ ಯುಗಾದಿಯ ಸಂಜೆ, ಅಲ್ಲೂ ಮುಂಗುಸಿ.

“ಅಲ್ಲ ಕಣೋ, ಈ ಮುಂಗುಸಿ ಪಂಚಾಂಗ ನೋಡ್ಕೊಂಡು ಬರುತ್ತಾ?”

“ಅದೇನೋ ಸಾ, ಗಿರಿರಾಜನ್ನ ಮಾತ್ರ ಮೂಸೂ ನೋಡಲ್ಲ. ನಾಟೀನೇ ಬೇಕು ಅದ್ಕೆ.”