ಸ್ಟೇಷನ್ ರಸ್ತೆಯಲ್ಲೊಂದು ಸ್ಟೀಲ್ ಡಬ್ಬಿ

ನಮ್ಮ ಮನೆಯಲ್ಲಿ ಬಟ್ಟೆ ಚೀಲಕ್ಕೆ ಬರವಿಲ್ಲ. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆ ಅವುಗಳ ಭಾರಕ್ಕೆ ಬಾಗಿ ಹೋಗಿದೆ. ಮದುವೆ, ಗೃಹಪ್ರವೇಶ, ನಿವೃತ್ತಿ ಸಮಾರಂಭ, ಎಲ್ಲಿ ಹೋದರೂ ತಾಂಬೂಲದ ಜೊತೆ ಒಂದು ಚೀಲ ಗ್ಯಾರಂಟಿ. ಮೇಲೆ ‘ಪರಿಸರ ಉಳಿಸಿ’ ಎಂದು ಅಚ್ಚು, ಕೆಳಗೆ ವಧೂವರರ ಹೆಸರು. ಇಷ್ಟಿದ್ದೂ ನಮ್ಮ ವಿಜಯಪುರದ ಗಾಂಧಿ ಚೌಕದ ಹತ್ತಿರ ಬದನೆಕಾಯಿಯ ಗುಡ್ಡೆಯ ಮುಂದೆ ನಿಂತಾಗ ಕೈಯಲ್ಲಿ ಒಂದೂ ಇರುವುದಿಲ್ಲ. ಎಲ್ಲ ಮೊಳೆಯ ಮೇಲೆ ವಿಶ್ರಾಂತಿಯಲ್ಲಿರುತ್ತವೆ.

ಆಗ ಕಾಯಿಪಲ್ಲೆಯವಳು ಅತ್ತಿತ್ತ ನೋಡಿ, ಗೋಣಿತಟ್ಟಿನ ಕೆಳಗೆ ಕೈ ಹಾಕಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯದೊಂದು ಕ್ಯಾರಿಬ್ಯಾಗ್ ಎಳೆಯುತ್ತಾಳೆ. ನಮ್ಮ ರಾಜ್ಯದಲ್ಲಿ ಇದಕ್ಕೆ 2016ರ ಮಾರ್ಚ್‌ನಲ್ಲೇ ನಿಷೇಧ ಬಂತು. ಕೇಂದ್ರದವರು 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕಪ್ಪು, ತಟ್ಟೆ, ಚಮಚ, ಸ್ಟ್ರಾಗಳನ್ನು ನಿಷೇಧಿಸಿ, ಅದೇ ವರ್ಷದ ಕೊನೆಗೆ 120 ಮೈಕ್ರಾನ್‌ಗಿಂತ ತೆಳುವಾದ ಚೀಲಗಳಿಗೂ ಬೀಗ ಜಡಿದರು. ಇದರಿಂದ ಆದ ಬದಲಾವಣೆ ಇಷ್ಟೇ: ಮೊದಲು ತಕ್ಕಡಿಯ ಪಕ್ಕ ತೂಗಾಡುತ್ತಿದ್ದ ಕ್ಯಾರಿಬ್ಯಾಗ್ ಈಗ ತಟ್ಟಿನ ಕೆಳಗೆ ಕೂತಿದೆ. ಅವಳನ್ನು ಬೈದು ಉಪಯೋಗವಿಲ್ಲ. ಚೀಲ ಇಲ್ಲವೆಂದರೆ ಗಿರಾಕಿ ಪಕ್ಕದ ಗುಡ್ಡೆಗೆ ಹೋಗುತ್ತಾನೆ. ಆ ಗಿರಾಕಿಯೇ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು, ಜನಕ್ಕೆ ಬುದ್ಧಿ ಇಲ್ಲ ಎನ್ನುತ್ತಾನೆ.

ಈ ಸಿಟ್ಟಿನಲ್ಲೇ ನಾನು ನಮ್ಮ ಮನೆಯನ್ನಾದರೂ ಹಸಿರು ಮಾಡಿ ತೋರಿಸುವ ಪಣ ತೊಟ್ಟೆ. ನಿವೃತ್ತನಾದವನಿಗೆ ಪಣ ತೊಡುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ ಬೇರೊಂದಿಲ್ಲ.

ಮೊದಲು ಬೇವಿನ ಕಡ್ಡಿ ಬಂತು. ಒಸಡು ಒಪ್ಪಲಿಲ್ಲ. ಸೈಕಲ್ ಬಂತು. ಮೊಣಕಾಲು ಒಪ್ಪಿತು, ರಸ್ತೆಯ ತೆಗ್ಗುಗಳು ಒಪ್ಪಲಿಲ್ಲ. ಮನೆಯ ಮುಂದೆ ಒಂದು ಬೇವಿನ ಸಸಿ ನೆಟ್ಟೆ. ಅರಣ್ಯವೆಂಬುದು ಹೆಸರಿಗಷ್ಟೇ ಇರುವ ಜಿಲ್ಲೆ ನಮ್ಮದು. ಆ ಬೋಳು ನೀಗಲೆಂದೇ ಇಲ್ಲಿ ಕೋಟಿ ವೃಕ್ಷ ಅಭಿಯಾನ ನಡೆದದ್ದು, ಗಿಡಗಳ ಹೆಸರಿನಲ್ಲಿ ಊರಿಗೂರೇ ವೃಕ್ಷಥಾನ್ ಓಡುವುದು. ನಾನು ಓಡಲಿಲ್ಲ. ಸಸಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಅದಕ್ಕೆ ದಿನಾ ಅಕ್ಕಿ ತೊಳೆದ ನೀರು ಹಾಕಿ ಬದುಕಿಸಿದವಳು ನನ್ನ ಹೆಂಡತಿ. ಫೋಟೋದಲ್ಲಿ ಆಕೆ ಇಲ್ಲ.

ಫ್ರಿಜ್ಜಿನ ನೀರಿನ ಬಾಟಲಿಗಳನ್ನು ಹೊರಹಾಕಿ ಮಣ್ಣಿನ ಹರವಿ ತಂದೆ. ಇದು ಮಾತ್ರ ನಮ್ಮೂರಿಗೆ ಹೇಳಿ ಮಾಡಿಸಿದ್ದು. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ನೀರು ತಂಪು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲು ಮನುಷ್ಯರನ್ನು ಬೇಯಿಸುತ್ತದೆ, ಹರವಿಯನ್ನು ತಂಪು ಮಾಡುತ್ತದೆ. ಮಂಗಳೂರಿನ ಬೆವರು ಗಾಳಿಯಲ್ಲಿ ಇದೇ ಹರವಿ ಅರ್ಧ ಕೆಲಸವನ್ನೂ ಮಾಡದು. ಹರವಿಯನ್ನು ಎತ್ತಿ, ಒಳಗೆ ಕೈ ಹಾಕಿ ಪಾಚಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕುವ ಕೆಲಸವೊಂದಿದೆ. ಅದರ ಮಾತು ಮುಂದೆ ಬರುತ್ತದೆ.

ಊಟದಲ್ಲಿ ನಾನು ಸುಧಾರಿಸಲು ಏನೂ ಉಳಿದಿರಲಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಬೆಂಗಳೂರಿನ ನಮ್ಮ ಅಳಿಯ, ಜೋಳ ಎಂಬ ಧಾನ್ಯ ಇರುವುದನ್ನು ಕಂಡುಹಿಡಿದು, ನಮಗೂ ಒಂದು ಡಬ್ಬಿ ಜೋಳದ ಬಿಸ್ಕೀಟು ಕಳಿಸಿದ. ರಟ್ಟಿನೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ತಟ್ಟೆ, ತಟ್ಟೆಯೊಳಗೆ ಇನ್ನೊಂದು ಪ್ಲಾಸ್ಟಿಕ್ಕು, ಅದರೊಳಗೆ ಬಿಸ್ಕೀಟು. ಬಬಲೇಶ್ವರದ ನಮ್ಮ ಅತ್ತೆಯವರ ಮನೆಯಿಂದ ಬರುವ ಬಿಳಿಜೋಳ ಹಳೆಯ ಗೋಣಿಚೀಲದಲ್ಲಿ ಬರುತ್ತದೆ, ಚೀಲ ವಾಪಸ್ಸು ಹೋಗುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಮಾಲದಂಡಿ, ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆದು, ಕಾಳು ನಮಗೆ, ಕಣಿಕೆ ದನಕ್ಕೆ ಕೊಡುತ್ತದೆ. ಮೊಮ್ಮಕ್ಕಳು ಬಂದರೆ ತಿಕೋಟಾದ ಒಣದ್ರಾಕ್ಷಿ, ಹುರಿದ ಶೇಂಗಾ. ಬಿಸ್ಕೀಟನ್ನು ಎಮ್ಮೆಗೆ ಹಾಕಿದರೆ ಅದೂ ಮೂಸಿ ಬಿಟ್ಟಿತು.

ಉಳಿದದ್ದು ಹೊರಗಿನ ತಿಂಡಿ. ಹೋಟೆಲಿನವರು ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ಕಿಗೆ ಸುರಿದು, ದಾರದಿಂದ ಗಿರಗಿರ ಸುತ್ತಿ, ಬಲೂನು ಮಾಡಿ ಕೊಡುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಿಸಿ ಪದಾರ್ಥ, ಎಣ್ಣೆ, ಹುಣಸೆಯ ಹುಳಿ, ಈ ಮೂರೂ ಸೇರಿದರೆ ಪ್ಲಾಸ್ಟಿಕ್ಕಿನಲ್ಲಿರುವುದು ಸಾಂಬಾರಿಗೆ ಇಳಿಯಲು ಬೇರೆ ಆಮಂತ್ರಣ ಬೇಕಿಲ್ಲ. ಹೀಗಾಗಿ ನಾನು ಸ್ಟೀಲ್ ಡಬ್ಬಿಯವನಾದೆ.

ಜನವರಿಯ ಒಂದು ಮುಂಜಾನೆ ಸೊಲ್ಲಾಪುರದ ಗಾಡಿಗೆ ನಮ್ಮ ಷಡ್ಡಕರು ಬರುವವರಿದ್ದರು. ಅವರನ್ನು ಕರೆತರುವುದು, ಬರುವಾಗ ಸ್ಟೇಷನ್ ರಸ್ತೆಯಲ್ಲೇ ಇಡ್ಲಿ, ವಡೆ, ಸಾಂಬಾರು ಕಟ್ಟಿಸಿಕೊಳ್ಳುವುದು, ಒಂದೇ ಏಟಿಗೆ ಎರಡು ಕೆಲಸ. ಡಬ್ಬಿ ಹೊಸದು. ಒತ್ತಿ ಮುಚ್ಚಿದರೆ ಹನಿ ಸೋರದಂಥದ್ದು. ಹೋಟೆಲಿನ ಹುಡುಗ ಕೊತಕೊತ ಕುದಿಯುವ ಸಾಂಬಾರನ್ನು ಅದಕ್ಕೆ ಸುರಿದ. ನಾನು ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಮುಚ್ಚಳ ಒತ್ತಿದೆ. ಗಾಡಿ ತಡವೆಂದು ತಿಳಿಯಿತು. ಡಬ್ಬಿಯನ್ನು ತಣ್ಣನೆಯ ಕಲ್ಲುಕಟ್ಟೆಯ ಮೇಲಿಟ್ಟು ಚಹಾ ಹೇಳಿದೆ. ಪರಿಚಯದವರು ಸಿಕ್ಕರು, ಮಾತು ಬೆಳೆಯಿತು, ಚಹಾ ಮತ್ತೆ ಬಂತು.

ಹುಡುಗ ಓಡಿ ಬಂದ. ‘ಸರ, ವಡಾ ಸಾಂಬಾರದಾಗ ಮುಳುಗಿಸಿ ಕೊಡ್ರಿ ಅಂದಿದ್ರಿ. ಡಬ್ಬಿ ತಗೀರಿ, ಹಾಕತೀನಿ.’

ತೆಗೆಯಲು ಹೋದೆ. ಬರಲಿಲ್ಲ. ನಕ್ಕೆ, ಇನ್ನೊಮ್ಮೆ ಹಿಡಿದೆ. ಬರಲಿಲ್ಲ. ಡಬ್ಬಿಯನ್ನು ತೊಡೆಗಳ ನಡುವೆ ಸಿಗಿಸಿ, ಟವೆಲ್ಲು ಸುತ್ತಿ, ಹಲ್ಲು ಕಚ್ಚಿ ಎಳೆದೆ. ಚಪ್ಪಲಿಯ ಬಾರು ಹರಿಯಿತು.

ಸ್ಟೇಷನ್ ರಸ್ತೆಯಲ್ಲಿ ಅಪಘಾತವಾದರೂ ಇಷ್ಟು ಬೇಗ ಜನ ಸೇರುವುದಿಲ್ಲ. ಮೊದಲು ಗಲ್ಲಾದ ಮೇಲಿನವರು ಇಳಿದು ಬಂದರು. ‘ಅದಕ್ಕ ಶಕ್ತಿ ಅಲ್ರಿ, ಯುಕ್ತಿ ಬೇಕು’ ಎಂದು ಮುಚ್ಚಳದ ಸುತ್ತ ಚಮಚದಿಂದ ಟಕಟಕ ಬಡಿದರು. ಚಮಚ ಸೊಟ್ಟಗಾಯಿತು. ಪಂಕ್ಚರ್ ಅಂಗಡಿಯವ ಟಾಯರ್ ಕಳಚುವ ಪಟ್ಟಿ ತಂದ. ‘ಡಬ್ಬಿ ಉಳಿಸಬೇಕೋ ಸಾಂಬಾರ್ ಉಳಿಸಬೇಕೋ, ಮೊದಲ ಹೇಳ್ರಿ’ ಎಂದ. ಅವನನ್ನು ದೂರ ನಿಲ್ಲಿಸಿದೆವು. ಕಾಲೇಜು ಹುಡುಗನೊಬ್ಬ ಸಹಾಯ ಮಾಡುವ ಬದಲು ವಿಡಿಯೋ ಹಿಡಿದ. ಟಾಂಗಾದ ಕಾಕಾ ಗದ್ದುಗೆ ಬಿಟ್ಟು ಇಳಿಯದೆ ಅಲ್ಲಿಂದಲೇ ಸಲಹೆ ಕೊಡುತ್ತಿದ್ದರು.

ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ವಿಜ್ಞಾನದ ಮಾಸ್ತರರೊಬ್ಬರು ಗುಂಪನ್ನು ಸೀಳಿ ಒಳಬಂದರು. ಡಬ್ಬಿಯನ್ನು ನೋಡಿದ್ದೇ ಅವರ ಮುಖ ಅರಳಿತು. ಎಷ್ಟೋ ವರ್ಷದಿಂದ ತರಗತಿ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ‘ಕುದಿಯೋ ಸಾಂಬಾರಿನ ಉಗಿ ಒಳಗಿನ ಗಾಳಿ ಹೊರಗ ಹಾಕೇತಿ. ನೀವು ಮುಚ್ಚಿದ್ರಿ. ಆರಿದ ಮ್ಯಾಲ ಉಗಿ ನೀರಾತು. ಒಳಗ ಒತ್ತಡ ಇಳೀತು, ಹೊರಗ ಪೂರಾ ವಾಯುಮಂಡಲ ಕುಂತೈತಿ!’ ಎಂದು ಕಡ್ಡಿ ತೆಗೆದುಕೊಂಡು ಧೂಳಿನಲ್ಲಿ ಲೆಕ್ಕ ಬಿಡಿಸಿದರು. ಮುಚ್ಚಳದ ಅಡ್ಡಳತೆ 14 ಸೆಂಟಿಮೀಟರ್, ತ್ರಿಜ್ಯ 7, 22ನ್ನು 7ರಿಂದ ಭಾಗಿಸಿ 49ರಿಂದ ಗುಣಿಸಿದರೆ 154 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ‘ಒಳಗಿನ ಒತ್ತಡ ಅರ್ಧ ಇಳಿದಿದ್ರೂ 77 ಕಿಲೋ! ಮುಚ್ಚಳದ ಮ್ಯಾಲ ಒಬ್ಬ ಪೈಲ್ವಾನ ಕುಂತಾನ್ರಿ!’ ಭಾಗಾಕಾರ ಶೇಷವಿಲ್ಲದೆ ಹೋದದ್ದಕ್ಕೆ ಅವರಿಗೆ ನಮ್ಮ ಡಬ್ಬಿಯ ಮೇಲೆ ವಿಶೇಷ ಪ್ರೀತಿ ಬಂದಿತ್ತು.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 1650ರ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗಿನ ಓಟೋ ಫಾನ್ ಗೆರಿಕೆ ಎಂಬಾತ ಎರಡು ತಾಮ್ರದ ಅರೆಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆಗಳ ಹಿಂಡು ಕಟ್ಟಿ ಎಳೆಸಿದರೂ ಅವು ಬೇರ್ಪಡಲಿಲ್ಲ ಎಂದು ವಿವರಿಸಿದರು. ಅದೇ ದಶಕದಲ್ಲಿ, 1656ರಲ್ಲಿ, ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡು ಗೋಳಗುಮ್ಮಟದಲ್ಲಿ ಮಣ್ಣಾದ ಎಂದು ಗುಮ್ಮಟದ ದಿಕ್ಕಿಗೆ ಕಡ್ಡಿ ತೋರಿಸಿದರು. ‘ಅಲ್ಲಿ ಅರೆಗೋಳ, ಇಲ್ಲೂ ಅರೆಗೋಳ, ನೋಡ್ರಿ!’

ಟಾಂಗಾದ ಕಾಕಾ ಇಡೀ ಭಾಷಣದಲ್ಲಿ ಒಂದೇ ಮಾತು ಹಿಡಿದಿದ್ದರು. ‘ನಮ್ಮ ಕುದರಿ ಕಟ್ಟೂಣೇನ್ರಿ?’

ಅದೇ ಗಳಿಗೆಗೆ ಷಡ್ಡಕರ ಫೋನು: ‘ಗಾಡಿ ಬಂದು ಎಷ್ಟೊತ್ತಾತು, ಎಲ್ಲಿದ್ದೀರಿ?’ ಸಾಂಬಾರು ತೆಗೆಯುತ್ತಿದ್ದೇನೆ ಎಂದೆ. ಅವರು ತಪ್ಪು ತಿಳಿದು, ನಿಧಾನ ಆಗಲಿ ಎಂದರು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಖಡಕ್ ರೊಟ್ಟಿ ಮಾರುತ್ತಿದ್ದ ಆಯಿ ಇಷ್ಟೂ ಹೊತ್ತು ತಲೆ ಎತ್ತಿರಲಿಲ್ಲ. ಈಗ ಎತ್ತಿದಳು. ‘ಯಪ್ಪಾ, ಆರಿದ್ದಕ್ಕ ಕಚ್ಚೇತಿ. ಬಿಸಿನೀರಾಗ ಕುಂಡ್ರಸು, ತಾನ ಬಿಡತೈತಿ.’

ಹೋಟೆಲಿನ ಹಂಡೆಯ ಬಿಸಿನೀರಿನಲ್ಲಿ ಡಬ್ಬಿ ಕೂತಿತು. ಸ್ವಲ್ಪ ಹೊತ್ತಿಗೆ ಮುಚ್ಚಳ ಟಪ್ಪೆಂದಿತು. ಜನ ಚಪ್ಪಾಳೆ ತಟ್ಟಿದರು. ನಾನೂ ಇದನ್ನೇ ಹೇಳುವವನಿದ್ದೆ ಎಂದರು ಮಾಸ್ತರರು. ಹುಡುಗ ವಡೆಗಳನ್ನು ಮುಳುಗಿಸಿದ. ನಾನು, ದಾರಿಯಲ್ಲಿ ಸೋರಬಾರದೆಂದು, ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಮುಚ್ಚಳ ಒತ್ತಿದೆ.

ಮನೆಯಲ್ಲಿ ಅದನ್ನು ಯಾರು ತೆಗೆದರು ಎಂದು ಕೇಳಬೇಡಿ. ಒಲೆಯ ಸಣ್ಣ ಉರಿಗೆ ಇಟ್ಟು, ಅಂಚಿಗೆ ಹೆಬ್ಬೆರಳು ಒತ್ತಿ, ಮಾತಿಲ್ಲದೆ ತೆಗೆದಿಟ್ಟಳು. ತಿಂಡಿಯಾದ ಮೇಲೆ ನಾನು ಷಡ್ಡಕರಿಗೆ ಮ್ಯಾಗ್ಡೆಬರ್ಗಿನ ಕಥೆಯನ್ನು ಕುದುರೆಗಳ ಸಂಖ್ಯೆ ಏರಿಸುತ್ತ ಹೇಳುತ್ತಿದ್ದೆ. ಬಚ್ಚಲಿನಿಂದ ಡಬ್ಬಿ ತಿಕ್ಕುವ ಸಪ್ಪಳ ಬರುತ್ತಿತ್ತು. ಸಾಂಬಾರಿನ ಎಣ್ಣೆ ಮುಚ್ಚಳದ ಮಡಿಕೆಯೊಳಗೆ ಇಳಿದರೆ ಸುಲಭಕ್ಕೆ ಬಿಡುವುದಿಲ್ಲ. ಒಣಗಿದ ಹೀರೇಕಾಯಿಯ ಜಾಳಿಗೆಗೆ ಕಡಲೆಹಿಟ್ಟು ಹಚ್ಚಿ ತಿಕ್ಕಬೇಕು, ಮಡಿಕೆಗೆ ಬಟ್ಟೆಯ ಚುಂಗು ಹಾಕಿ ಎಳೆಯಬೇಕು, ಬಿಸಿನೀರು ಸುರಿಯಬೇಕು. ಹರವಿಯ ಪಾಚಿಗೂ, ಬದನೆಕಾಯಿಯ ಮಣ್ಣು ಹತ್ತಿದ ಚೀಲಕ್ಕೂ, ಹಸಿಕಸದ ಬಕೆಟ್ಟಿಗೂ ಇಂಥದೇ ಒಂದೊಂದು ಕ್ರಮವಿದೆ. ಎಲ್ಲವೂ ನಳ ಬಂದ ಹೊತ್ತಿನಲ್ಲೇ ಆಗಬೇಕು.

ಹೆಂಡತಿ ಕೈ ಒರೆಸುತ್ತ ಹೊರಬಂದು, ಷಡ್ಡಕರ ಎದುರಿಗೇ ಅಂದಳು: ‘ನಿಮ್ಮ ಪರಿಸರ ಎಲ್ಲಾ ಕಡೀಕ ನನ್ನ ಬಚ್ಚಲಕ್ಕ ಬಂದು ಬೀಳತೈತಿ ನೋಡ್ರಿ.’

ನಗು ಬಂತು. ಆಮೇಲೆ ಬರಲಿಲ್ಲ. ಎಸೆಯುವ ವಸ್ತು ಅಗ್ಗವಾಗಿ ಮನೆಹೊಕ್ಕಿದ್ದು ಕೇವಲ ಸೋಮಾರಿತನದಿಂದಲ್ಲ. ತೊಳೆಯುವ ಕೈಗಳಿಗೆ ಅದು ಕೊಟ್ಟ ಬಿಡುವೂ ಅದರ ಬೆಲೆಯಲ್ಲಿ ಸೇರಿತ್ತು. ಆ ಬಿಡುವನ್ನು ನಾವು ಗಂಡಸರು ಪರಿಸರದ ಹೆಸರಿನಲ್ಲಿ ಕಿತ್ತುಕೊಂಡು, ಚಪ್ಪಾಳೆ ಮಾತ್ರ ನಮ್ಮ ಕಡೆ ಇಟ್ಟುಕೊಂಡಿದ್ದೇವೆ. ಜೋಳದ ರೊಟ್ಟಿ ಆರೋಗ್ಯಕ್ಕೆ ಒಳ್ಳೆಯದು, ನಿಜ. ಅದನ್ನು ಮೇ ತಿಂಗಳ ಮಧ್ಯಾಹ್ನ ಒಲೆಯ ಮುಂದೆ ನಿಂತು ಬಡಿಯುವವರ ಆರೋಗ್ಯದ ಮಾತು ಯಾವ ಸಿರಿಧಾನ್ಯ ಮೇಳದ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

ಆದ್ದರಿಂದ ಓದುಗರೇ, ಡಬ್ಬಿ ಒಯ್ಯಿರಿ, ಚೀಲ ಒಯ್ಯಿರಿ, ಹರವಿ ತನ್ನಿರಿ. ಈ ಮೂರೂ ಪ್ಲಾಸ್ಟಿಕ್ಕಿಗಿಂತ ಸಾವಿರ ಪಾಲು ವಾಸಿ. ಆದರೆ ತಂದವರೇ ತೊಳೆಯಬೇಕು ಎಂಬ ಕಾಯಿದೆಯನ್ನು ಮೊದಲು ಮನೆಯಲ್ಲಿ ಪಾಸು ಮಾಡಿಕೊಳ್ಳಿ. ಇದಕ್ಕೆ ಮೈಕ್ರಾನ್ ಅಳೆಯುವ ಇನ್‌ಸ್ಪೆಕ್ಟರು ಬೇಕಿಲ್ಲ. ನಮ್ಮಲ್ಲಿ ಅದು ಜಾರಿಗೆ ಬಂದಿದೆ. ಡಬ್ಬಿ ಮತ್ತು ಚೀಲ ನನ್ನ ಪಾಲಿಗೆ, ಹರವಿ ತೊಳೆಯುವ ಬುಧವಾರವೂ ನನ್ನದೇ.